ನೆಗೆಣ್ಣಿಯ ಹಳದಿ ಯಂತ್ರ

ನನ್ನ ನೆಗೆಣ್ಣಿಯ ಕೈಗೆ ಆ ಹಳದಿ ಯಂತ್ರ ಬಂದ ದಿನ ರೊಟ್ಟಿ ಬಡಿಯುವ ಪಾಳಿ ನನ್ನದಾಗಿರಲಿಲ್ಲ. ಆದರೂ ಶಾಲೆಯಿಂದ ಬಂದವಳು ಸೀರೆ ಬದಲಿಸಿ ಒಲೆಯ ಮುಂದೆ ಕೂತೆ. ತರಬೇತಿಗೆಂದು ಹೋದ ಅವಳು ಇನ್ನೂ ಮನೆ ಮುಟ್ಟಿರಲಿಲ್ಲ. ಮೂರನೆಯ ರೊಟ್ಟಿ ಹಂಚಿನ ಮೇಲಿದ್ದಾಗ ಬಂದಳು. ಕೈಕಾಲು ತೊಳೆಯಲಿಲ್ಲ, ನೀರು ಕುಡಿಯಲಿಲ್ಲ. ಸೆರಗಿನಲ್ಲಿ ಸುತ್ತಿ ತಂದದ್ದನ್ನು ಬಿಚ್ಚಿ ಅತ್ತೆಯ ಮುಂದೆ ಹಿಡಿದಳು. ಮುಷ್ಟಿಗೆ ಹಿಡಿಯುವಷ್ಟು ದಪ್ಪ, ಗೇಣಿಗಿಂತ ಚಿಕ್ಕದು, ಮೇಲೆ ಬೂದುಬಣ್ಣದ ಸಣ್ಣ ಪರದೆ, ಪಕ್ಕದಲ್ಲಿ ನಾಲ್ಕೈದು ಗುಂಡಿ. ಆಕಾಶದಲ್ಲಿ ತಿರುಗುವ ಉಪಗ್ರಹಗಳ ಸಂಕೇತ ಹಿಡಿದು ನಾವು ಭೂಮಿಯ ಮೇಲೆ ಎಲ್ಲಿ ನಿಂತಿದ್ದೇವೆ ಎಂದು ಅಂಕಿಗಳಲ್ಲಿ ತೋರಿಸುವ ಜಿಪಿಎಸ್ ಯಂತ್ರ. ನಾನು ಅದನ್ನು ಚಿತ್ರದಲ್ಲಿ ಮಾತ್ರ ನೋಡಿದ್ದೆ. ಶಾಲೆಯಲ್ಲಿ ಭೂಗೋಳ ಕಲಿಸುವವಳು ನಾನು. ಯಂತ್ರ ಬಂದದ್ದು ಅವಳ ಕೈಗೆ. ಹಂಚಿನ ಮೇಲಿನ ರೊಟ್ಟಿ ಕರಿಯಾಗಿ ಹೊಗೆ ಎದ್ದ ಮೇಲೆ ನನಗೆ ಎಚ್ಚರವಾಯಿತು.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷಗಳಾಗಿದ್ದವು. ನಮ್ಮದು ಗಡಿಯಾಚೆ ಮರಾಠಿ ಸೀಮೆಗೆ ಸೇರಿದ ಕರಜಗಿಯಲ್ಲಿ ಕೂಡು ಕುಟುಂಬ. ಭಾವನವರು ಹೊಲ ನೋಡಿಕೊಳ್ಳುತ್ತಿದ್ದರು, ನನ್ನ ಗಂಡನಿಗೆ ಜತ್ತದಲ್ಲಿ ಬೀಜ ಗೊಬ್ಬರದ ಅಂಗಡಿ. ನೆಗೆಣ್ಣಿ ಎಂದರೆ ಭಾವನವರ ಹೆಂಡತಿ, ನನಗಿಂತ ಏಳು ವರ್ಷ ದೊಡ್ಡವಳು. ಬಾಯಿಂದ ಅವಳನ್ನು ‘ಅಕ್ಕಾರ’ ಎಂದು ಬಹುವಚನದಲ್ಲೇ ಕರೆಯುತ್ತಿದ್ದೆ, ಮನಸ್ಸಿನೊಳಗೆ ಮಾತ್ರ ಏಕವಚನ. ಬರೆಯುವಾಗಲೂ ಹಾಗೇ ಬರುತ್ತಿದೆ, ಇರಲಿ.

ಅಕ್ಕ ಓದಿದ್ದು ಏಳನೆಯ ಇಯತ್ತೆ. ನಾನು ಬಿ.ಎ. ಮಾಡಿ, ಶಿಕ್ಷಕಿಯ ತರಬೇತಿ ಮುಗಿಸಿ, ತೊಂಬತ್ತರ ದಶಕದ ಕೊನೆಯಲ್ಲಿ ಆ ಮನೆಗೆ ಸೊಸೆಯಾಗಿ ಬಂದವಳು. ದಿನಾ ಮುಂಜಾನೆ ಬಸ್ಸು ಹತ್ತಿ ಅಸಂಗಿಯ ಕನ್ನಡ ಶಾಲೆಗೆ ಹೋಗುತ್ತಿದ್ದೆ. ಮನೆಗೆ ಬರುವ ಕಾಗದ ಮರಾಠಿಯದಿರಲಿ ಕನ್ನಡದ್ದಿರಲಿ, ಮೊದಲು ನನ್ನ ಕೈಗೇ ಬರುತ್ತಿತ್ತು. ಬ್ಯಾಂಕಿನ ಚೀಟಿ, ಕಚೇರಿಯ ಅರ್ಜಿ, ಔಷಧದ ಬಾಟಲಿಯ ಮೇಲಿನ ಸಣ್ಣ ಅಕ್ಷರ, ಎಲ್ಲದಕ್ಕೂ ನಾನೇ. ಓಣಿಯವರು ‘ಬಾಯಾರ’ ಎನ್ನುತ್ತಿದ್ದರು; ನಮ್ಮ ಕಡೆ ಕಲಿಸುವ ಹೆಂಗಸಿಗೆ ಹಾಗೇ ಅನ್ನುವುದು. ಅಕ್ಕನೂ ನನ್ನನ್ನು ಹಾಗೆಯೇ ಕರೆಯುತ್ತಿದ್ದಳು, ಅರ್ಧ ಪ್ರೀತಿಯಿಂದ, ಅರ್ಧ ಚೇಷ್ಟೆಯಿಂದ.

ಆ ವರ್ಷ ನಮ್ಮ ಸುತ್ತಿನ ಹಳ್ಳಿಗಳಿಗೆ ನೀರು ಇಂಗಿಸುವ ಯೋಜನೆ ಬಂತು. ಒಡ್ಡು ಕಟ್ಟುವುದಕ್ಕಿಂತ ಮೊದಲು ಊರಿನ ಪ್ರತಿ ಬಾವಿ, ಪ್ರತಿ ಬೋರು ಎಲ್ಲಿದೆ ಎಂದು ನಕಾಶೆಯ ಮೇಲೆ ಗುರುತಿಸಬೇಕಿತ್ತು. ಅದಕ್ಕೆ ಊರಿನ ಹೆಂಗಸರೇ ಬೇಕೆಂದು ಪುಣೆಯಿಂದ ಬಂದ ಎಂಜಿನಿಯರ್ ಮೇಡಂ ಹಟ ಹಿಡಿದಿದ್ದರು. ನಾನು ಹೆಸರು ಕೊಡಲು ಹೋದೆ. ನೌಕರಿ ಇದ್ದವರು ಬೇಡ, ದಿನವಿಡೀ ಹೊಲದಲ್ಲಿ ತಿರುಗಾಡುವವರು ಬೇಕು ಎಂದು ಮೇಡಂ ಮರಾಠಿಯಲ್ಲಿ ಮೆತ್ತಗೆ ಹೇಳಿದರು. ಆಯ್ಕೆಯಾದವರು ಇಬ್ಬರು: ನನ್ನ ನೆಗೆಣ್ಣಿ, ಮತ್ತು ನಮ್ಮ ಹಿಂದಿನ ಓಣಿಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಮುಸಲ್ಮಾನರ ಮನೆಯ ಹೆಂಗಸು. ಅವರನ್ನು ಎಲ್ಲರೂ ಭಾಬಿ ಎನ್ನುತ್ತಿದ್ದೆವು. ಯಂತ್ರ ಒಂದೇ. ಅದು ಅಕ್ಕನ ಟ್ರಂಕಿನಲ್ಲಿ ಉಳಿಯಿತು.

ಮೊದಲ ವಾರ ನನಗೆ ಸುಖವಾಗಿಯೇ ಇತ್ತು. ದಿನಾ ಸಂಜೆ ಅಕ್ಕ ನನ್ನ ಹತ್ತಿರ ಬಂದು ಕೇಳುತ್ತಿದ್ದಳು. ಅಕ್ಷಾಂಶ ಅಂದರೇನು, ರೇಖಾಂಶ ಅಂದರೇನು, ಡಿಗ್ರಿಯನ್ನು ಮಿನಿಟಿನಲ್ಲಿ ಯಾಕೆ ಎಣಿಸಬೇಕು. ನಾನು ಅಂಗಳದ ಬೂದಿಯಲ್ಲಿ ಗೋಳ ಬರೆದು, ಅಡ್ಡಗೆರೆ ಉದ್ದಗೆರೆ ಎಳೆದು, ತರಗತಿಯಲ್ಲಿ ಹೇಳುವ ದನಿಯಲ್ಲೇ ಹೇಳುತ್ತಿದ್ದೆ. ಅವಳು ಮೊಣಕಾಲಿಗೆ ಗದ್ದ ಊರಿ ಕೇಳುತ್ತಿದ್ದಳು. ಎರಡನೆಯ ವಾರ ಕೇಳುವುದನ್ನು ಬಿಟ್ಟಳು. ಕೇಳುವ ಅಗತ್ಯ ಬೀಳಲಿಲ್ಲ. ನನ್ನ ಹೊಟ್ಟೆಕಿಚ್ಚು ಸುರುವಾದದ್ದು ಯಂತ್ರ ಬಂದ ದಿನ ಎಂದು ನಾನು ಬಹಳ ಕಾಲ ತಿಳಿದಿದ್ದೆ. ಈಗ ನೆನೆದರೆ ಹಾಗಲ್ಲ. ಅವಳು ಕೇಳುವುದನ್ನು ಬಿಟ್ಟ ದಿನ ಸುರುವಾಯಿತು.

ಯಂತ್ರದ ಮೇಲೆ ಕೈ ಕೂರಲಿ ಎಂದು ಮೇಡಂ ಒಂದು ಆಟ ಕಲಿಸಿದ್ದರು. ಹೊರದೇಶಗಳಲ್ಲಿ ಅದು ಹೊಸದಾಗಿ ಹಬ್ಬುತ್ತಿತ್ತಂತೆ, ಜಿಯೋಕ್ಯಾಶಿಂಗ್ ಎನ್ನುತ್ತಾರಂತೆ. ಒಬ್ಬರು ಒಂದು ಡಬ್ಬಿಯನ್ನು ಎಲ್ಲಾದರೂ ಬಚ್ಚಿಟ್ಟು ಆ ಜಾಗದ ಅಂಕಿಗಳನ್ನು ಕೊಡುತ್ತಾರೆ. ಉಳಿದವರು ಅಂಕಿಗಳನ್ನು ಯಂತ್ರಕ್ಕೆ ಹಾಕಿ, ಅದು ತೋರಿಸುವ ಬಾಣದ ಜಾಡು ಹಿಡಿದು ಡಬ್ಬಿ ಹುಡುಕಬೇಕು. ಒಳಗೊಂದು ಸಣ್ಣ ವಹಿ, ಪೆನ್ಸಿಲ್. ಡಬ್ಬಿ ಸಿಕ್ಕವರು ಅದರಲ್ಲಿ ಹೆಸರು ಬರೆಯಬೇಕು. ಒಳಗಿನ ವಸ್ತು ಒಂದು ತೆಗೆದುಕೊಂಡರೆ ತನ್ನದೊಂದು ಇಡಬೇಕು, ಡಬ್ಬಿಯನ್ನು ಇದ್ದಲ್ಲೇ ಮುಚ್ಚಿಡಬೇಕು. ನಮ್ಮ ಹೆಂಗಸರು ಅದಕ್ಕೆ ಡಬ್ಬಿ ಆಟ ಎಂದು ಹೆಸರಿಟ್ಟರು.

ಮೇಡಂ ಊರಾಚೆಯ ಕಲ್ಲುಗುಡ್ಡ ಮಡ್ಡಿಯ ಕಡೆ ನಾಲ್ಕು ಸ್ಟೀಲಿನ ಊಟದ ಡಬ್ಬಿ ಅಡಗಿಸಿದ್ದರು. ಅಕ್ಕ ಮತ್ತು ಭಾಬಿ ಎರಡು ದಿನದಲ್ಲಿ ನಾಲ್ಕನ್ನೂ ಹುಡುಕಿದರು. ಊಟಕ್ಕೆ ಕೂತಾಗ ಅವಳದೇ ಮಾತು. ನಿಂತಲ್ಲೇ ನಿಂತರೆ ಬಾಣ ಹುಚ್ಚು ಹಿಡಿದಂತೆ ತಿರುಗುತ್ತದೆ, ನಾಲ್ಕು ಹೆಜ್ಜೆ ನಡೆದರೆ ಮಾತ್ರ ಸರಿ ದಿಕ್ಕು ತೋರಿಸುತ್ತದೆ. ಬೇವಿನ ಮರದ ಕೆಳಗೆ ಹೋದರೆ ಉಪಗ್ರಹ ತಪ್ಪುತ್ತವೆ, ಬಯಲಿಗೆ ಬಂದು ಕಾಯಬೇಕು. ಇನ್ನು ಹತ್ತು ಮೀಟರ್ ಎಂದಾಗ ಯಂತ್ರವನ್ನು ಸೊಂಟಕ್ಕೆ ಸಿಕ್ಕಿಸಿ ಕಣ್ಣಿನಿಂದ ಹುಡುಕಬೇಕು, ಅಲ್ಲಿಂದ ಮುಂದೆ ಅದರ ಕೈಲಾಗುವುದಿಲ್ಲ. ಭಾವನವರು ತುತ್ತು ಕೈಯಲ್ಲೇ ಹಿಡಿದು ಕೇಳುತ್ತಿದ್ದರು. ಅತ್ತೆ ಮತ್ತೆ ಮತ್ತೆ ಹೇಳಿಸುತ್ತಿದ್ದರು. ನನ್ನ ಗಂಡ, ಉಪಗ್ರಹ ಎಷ್ಟಿವೆ ಎಂಬ ಪ್ರಶ್ನೆಯನ್ನು ಪಕ್ಕದಲ್ಲಿದ್ದ ನನ್ನನ್ನು ಬಿಟ್ಟು ಅತ್ತಿಗೆಯನ್ನು ಕೇಳಿದರು. ಉತ್ತರ ನನಗೆ ಗೊತ್ತಿತ್ತು. ಪಲ್ಯ ಬಡಿಸುವ ನೆಪದಲ್ಲಿ ಎದ್ದೆ.

ಆಮೇಲೆ ಅಕ್ಕ ತಾನೇ ಒಂದು ಡಬ್ಬಿ ಬಚ್ಚಿಟ್ಟಳು. ಊರಿನ ಹೆಂಗಸರು ಗುಂಪು ಕಟ್ಟಿಕೊಂಡು ಅವಳ ಹಿಂದೆ ಹೋಗಿ ಹುಡುಕಿ ಬರುತ್ತಿದ್ದರು. ನನ್ನನ್ನೂ ಕರೆದಳು. ಪರೀಕ್ಷೆಯ ಪೇಪರು ತಪಾಸಣೆ ಇದೆ ಎಂದೆ. ಇನ್ನೊಮ್ಮೆ ಕರೆದಾಗ ತಲೆನೋವು ಎಂದೆ. ಮೂರನೆಯ ಸಲ ಅವಳು ಕರೆಯಲಿಲ್ಲ, ಅದಕ್ಕೂ ಸಿಟ್ಟು ಬಂತು.

ಈ ಸುದ್ದಿ ಅಸಂಗಿಗೂ ಮುಟ್ಟಿತು. ನಮ್ಮ ಮುಖ್ಯ ಗುರುಗಳು ನನ್ನನ್ನು ಕರೆದು, ನಿಮ್ಮ ಮನೆಯಲ್ಲೇ ಇಂಥದ್ದು ಇರುವಾಗ ಮಕ್ಕಳಿಗೆ ತೋರಿಸಬಾರದೇ, ನೆಗೆಣ್ಣಿಯವರನ್ನು ಒಂದು ದಿನ ಕರೆತನ್ನಿ ಎಂದರು. ಯಂತ್ರ ಮಾತ್ರ ತರುತ್ತೇನೆ, ನಾನೇ ತೋರಿಸುತ್ತೇನೆ ಎಂದೆ. ಅವರು ನಕ್ಕು, ಬಳಸುವವರೇ ಬರಲಿ ಎಂದರು.

ಅಕ್ಕ ಇಳಕಲ್ ಸೀರೆ ಉಟ್ಟು ನನ್ನ ಜೊತೆ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಏನು ಹೇಳಬೇಕು ಎಂದು ನನ್ನನ್ನು ಕೇಳುತ್ತಿದ್ದಳು. ನಾನು ಕಿಟಕಿಯ ಹೊರಗೆ ನೋಡುತ್ತ, ತೋಚಿದ್ದು ಹೇಳಿರಿ ಎಂದೆ. ಅವಳು ಎಡವಲಿ ಎಂಬ ಆಸೆ ಒಳಗೆ ಇತ್ತು. ಅವಳು ಎಡವಲಿಲ್ಲ. ಫಲಕದ ಹತ್ತಿರ ನಿಲ್ಲಲೇ ಇಲ್ಲ, ಮಕ್ಕಳನ್ನು ಅಂಗಳಕ್ಕೆ ಕರೆದುಕೊಂಡು ಹೋದಳು. ಧ್ವಜದ ಕಂಬದಿಂದ ನೀರಿನ ಟಾಕಿಯ ತನಕ ನಡೆಸಿ, ಪ್ರತಿ ಹೆಜ್ಜೆಗೆ ಯಾವ ಅಂಕಿ ಬದಲಾಯಿತು ಎಂದು ಅವರಿಂದಲೇ ಓದಿಸಿದಳು. ಉತ್ತರಕ್ಕೆ ನಡೆದರೆ ಒಂದು ಸಾಲು ಏರುತ್ತದೆ, ಮೂಡಣಕ್ಕೆ ನಡೆದರೆ ಇನ್ನೊಂದು ಸಾಲು. ನಾನು ಆರು ವರ್ಷ ಸುಣ್ಣದ ಕಡ್ಡಿ ಸವೆಸಿದ ಪಾಠ ಅರ್ಧ ತಾಸಿನಲ್ಲಿ ಮಕ್ಕಳ ಕಾಲಿಗೆ ಹತ್ತಿತು. ನನ್ನ ತರಗತಿಯ ಹುಡುಗಿಯರು ಅವಳ ಸೆರಗು ಹಿಡಿದು, ಮತ್ತೆ ಯಾವಾಗ ಬರ್ತೀರಿ ಎಂದು ಕೇಳಿದರು. ಹಿಂದಿರುಗುವಾಗ ಅವಳು ನನ್ನ ಭುಜಕ್ಕೆ ತಲೆಯಾನಿಸಿ ನಿದ್ದೆ ಹೋದಳು. ನಾನು ಕರಜಗಿ ಬರುವ ತನಕ ನೆಟ್ಟಗೆ ಕೂತಿದ್ದೆ.

ಅದರ ಮುಂದಿನ ವಾರ ಅವಳು ಅಣ್ಣನ ಮಗಳ ನಿಶ್ಚಯಕ್ಕೆಂದು ತವರಿಗೆ ಹೋದಳು. ಯಂತ್ರ ಟ್ರಂಕಿನಲ್ಲಿತ್ತು, ಟ್ರಂಕಿಗೆ ಕೀಲಿ ಇರಲಿಲ್ಲ. ಅದು ರವಿವಾರ. ಅವಳ ವಹಿಯಿಂದ ಅವಳು ಬಚ್ಚಿಟ್ಟ ಡಬ್ಬಿಯ ಅಂಕಿಗಳನ್ನು ಬರೆದುಕೊಂಡು, ಯಂತ್ರವನ್ನು ಶಾಲೆಯ ಬ್ಯಾಗಿನಲ್ಲಿ ಹಾಕಿ, ಗೆಳತಿಯ ಮನೆಗೆ ಹೋಗಿ ಬರುತ್ತೇನೆ ಎಂದು ಅತ್ತೆಗೆ ಹೇಳಿ ಹೊರಬಿದ್ದೆ. ಅವಳಿಲ್ಲದೆ, ಯಾರ ಸಹಾಯವೂ ಇಲ್ಲದೆ ಅದನ್ನು ಹುಡುಕಿ, ವಹಿಯಲ್ಲಿ ನನ್ನ ಹೆಸರು ದೊಡ್ಡದಾಗಿ ಬರೆದು ಬರಬೇಕು ಎಂಬುದು ನನ್ನ ವಿಚಾರ.

ಊರ ಹೊರಗಿನ ಬಯಲಿನಲ್ಲಿ ನಿಂತು ಯಂತ್ರ ಚಾಲೂ ಮಾಡಿದೆ. ಉಪಗ್ರಹಗಳ ಸಂಕೇತ ಸಿಕ್ಕಂತೆ ಪರದೆಯ ಮೇಲಿನ ಪಟ್ಟಿಗಳು ಒಂದೊಂದಾಗಿ ಕಪ್ಪಾದವು. ಆದರೆ ಅವಳ ಅಂಕಿ ನನಗೆ ಅರ್ಥವಾಗಲಿಲ್ಲ. ಹದಿನೇಳು ಡಿಗ್ರಿ, ಐದು ಮಿನಿಟು, ಅದರ ಮುಂದೆ ಚುಕ್ಕೆ ಇಟ್ಟು ನಾನೂರ ಐವತ್ತು. ನಾನು ಕಲಿತ ಪುಸ್ತಕದಲ್ಲಿ ಡಿಗ್ರಿ, ಮಿನಿಟು, ಸೆಕೆಂಡು ಇರುತ್ತಿದ್ದವು. ಅವಳಿಗೆ ಬರೆಯಲು ಬಂದಿಲ್ಲ, ಇದು ನಲವತ್ತೈದು ಸೆಕೆಂಡು ಇರಬೇಕು ಎಂದು ತೀರ್ಮಾನಿಸಿದೆ. ಗುಂಡಿ ಒತ್ತಿ ಒತ್ತಿ ಯಂತ್ರದ ಒಳಗಿನ ಪಟ್ಟಿ ಹುಡುಕಿ, ಪರದೆಯ ಮೇಲೆ ಸೆಕೆಂಡು ಬರುವಂತೆ ಬದಲಿಸಿದೆ. ಅಷ್ಟು ಕಂಡುಹಿಡಿದದ್ದಕ್ಕೆ ನನಗೇ ಹೆಮ್ಮೆಯಾಯಿತು. ಐದು ಮಿನಿಟು ನಲವತ್ತೈದು ಸೆಕೆಂಡು ಎಂದು ಹಾಕಿ ಬಾಣದ ಹಿಂದೆ ನಡೆದೆ.

ಬಾಣ ನನ್ನನ್ನು ಮಡ್ಡಿ ಹತ್ತಿಸಿತು, ಆ ಕಡೆಗೆ ಇಳಿಸಿತು, ಯಾರದೋ ದಾಳಿಂಬೆ ತೋಟದ ಬೇಲಿ ದಾಟಿಸಿ ಜಾಲಿಯ ನಡುವಿನ ಒಂದು ಕಲ್ಲುಗುಂಪೆಯ ಹತ್ತಿರ ನಿಲ್ಲಿಸಿತು. ಒಂದೊಂದೇ ಕಲ್ಲು ಎತ್ತಿದೆ. ಚೇಳು ಹೊರಟಿತು, ಡಬ್ಬಿ ಹೊರಡಲಿಲ್ಲ. ಸೀರೆಯ ಅಂಚು ಜಾಲಿಮುಳ್ಳಿಗೆ ಸಿಕ್ಕಿ ಹರಿಯಿತು. ಕುರಿ ಮೇಯಿಸುತ್ತಿದ್ದ ಮುದುಕರೊಬ್ಬರು ಬಂದು, ಏನು ಕಳೆದಿದೆ ಬಾಯಾರ ಎಂದು ಕೇಳಿದರು. ಕಿವಿಯ ಬೆಂಡೋಲೆ ಎಂದೆ. ಪಾಪ, ಅವರೂ ಬಗ್ಗಿ ನನ್ನ ಜೊತೆ ಅರ್ಧ ತಾಸು ಹುಡುಕಿದರು, ನನ್ನ ಎರಡೂ ಬೆಂಡೋಲೆ ಕಿವಿಯಲ್ಲೇ ಇದ್ದುದನ್ನು ನೋಡಿಯೂ ನೋಡದವರಂತೆ.

ಮಧ್ಯಾಹ್ನದ ಬಿಸಿಲಿನಲ್ಲಿ ಮನೆಗೆ ಬಂದೆ. ಯಂತ್ರವನ್ನು ಟ್ರಂಕಿನಲ್ಲಿ ಇಡುವ ಮೊದಲು ನೆನಪಾಯಿತು: ಸೆಕೆಂಡು ತೆಗೆದು ಮೊದಲಿನಂತೆ ಮಾಡಿಡಬೇಕು. ಬೆರಳು ಗುಂಡಿಯ ಮೇಲಿತ್ತು. ಮರೆತೆ ಎಂದು ಬರೆದರೆ ಯಾರಿಗೂ ಗೊತ್ತಾಗುವುದಿಲ್ಲ, ಆದರೆ ಅದು ಸುಳ್ಳು. ಎಲ್ಲ ಬಲ್ಲವಳಲ್ಲವೇ, ಅವಳೇ ಮಾಡಿಕೊಳ್ಳಲಿ ಎಂದು ಹಾಗೆಯೇ ಇಟ್ಟು ಮುಚ್ಚಳ ಹಾಕಿದೆ.

ಅಕ್ಕ ತವರಿನಿಂದ ಬಂದು ಮತ್ತೆ ಬಾವಿಗಳ ಕೆಲಸಕ್ಕೆ ಹತ್ತಿದಳು. ಯೋಜನೆಯವರು ಕೊಟ್ಟ ಕಾಗದದಲ್ಲಿ ಮಿನಿಟಿನ ಮುಂದೆ ಚುಕ್ಕೆ, ಚುಕ್ಕೆಯ ಮುಂದೆ ಮೂರು ಖಾಲಿ ಚೌಕ. ಪರದೆಯಲ್ಲಿ ಕಂಡ ಮೂರು ಅಂಕಿಗಳನ್ನು ಆ ಚೌಕಗಳಲ್ಲಿ ಬರೆಯಬೇಕು. ಸೆಕೆಂಡಿನ ಲೆಕ್ಕದಲ್ಲೂ ಕೊನೆಗೆ ಮೂರೇ ಅಂಕಿ ಕಾಣುತ್ತಿದ್ದವು, ಇಪ್ಪತ್ತೇಳು, ಚುಕ್ಕೆ, ಸೊನ್ನೆ ಎಂಬಂತೆ. ಅವಳು ಕಂಡದ್ದನ್ನು ಕಂಡಂತೆ ಇನ್ನೂರ ಎಪ್ಪತ್ತು ಎಂದು ಬರೆದಳು. ಹಾಗೆ ಮೂರು ವಾರ, ಭಾಬಿಯ ಜೊತೆ ಬಿಸಿಲಲ್ಲಿ ತಿರುಗಿ ಊರಿನ ಅರ್ಧ ಬಾವಿಗಳನ್ನು ಬರೆದು ಮುಗಿಸಿದಳು.

ಮೇಡಂ ನಕಾಶೆ ಮಾಡಿಸಿಕೊಂಡು ಬಂದ ದಿನ ನಾನು ಶಾಲೆಯಿಂದ ಬೇಗ ಬಂದಿದ್ದೆ. ಚಾವಡಿಯ ಮುಂದೆ ಹೆಂಗಸರೆಲ್ಲ ಸೇರಿದ್ದರು. ನಕಾಶೆಯಲ್ಲಿ ಒಂದು ಬಾವಿ ಡಾಂಬರು ರಸ್ತೆಯ ನಡುವೆ ಬಿದ್ದಿತ್ತು, ಒಂದು ಶಾಲೆಯ ಅಂಗಳದಲ್ಲಿ, ಎರಡು ಪಕ್ಕದ ಊರಿನ ಸೀಮೆಯೊಳಗೆ. ಮೇಡಂ ಗದರಲಿಲ್ಲ. ನಿಮ್ಮ ಮೇಲೆ ನಂಬಿಕೆ ಇಟ್ಟಿದ್ದೆ, ಮನೆಯಲ್ಲಿ ಕೂತು ಬರೆದಿರಾ ಎಂದು ಮರಾಠಿಯಲ್ಲಿ ಕೇಳಿದರು, ಅಷ್ಟೇ. ಸೋಮವಾರ ಬರುತ್ತೇನೆ, ಯಂತ್ರ ಹಿಂದಕ್ಕೆ ಕೊಡಿ, ಬೇರೆಯವರನ್ನು ನೋಡೋಣ ಎಂದರು. ಭಾಬಿ, ನಾವು ಪ್ರತಿ ಬಾವಿಯ ಕಟ್ಟೆಯ ಮೇಲೆ ನಿಂತೇ ಬರೆದಿದ್ದೇವೆ ಎಂದು ದಖ್ಖನಿ ಉರ್ದುವಿನಲ್ಲಿ ಜೋರಾಗಿ ವಾದಿಸಿದರು. ಅಕ್ಕ ರಸ್ತೆಯ ನಡುವೆ ಬಿದ್ದ ಆ ಬಾವಿಯ ಮೇಲೆ ಬೆರಳಿಟ್ಟು ನೋಡುತ್ತಿದ್ದಳು.

ಕಾರಣ ಆ ಗುಂಪಿನಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ನಕಾಶೆ ನೋಡಿದ ಕ್ಷಣಕ್ಕೇ ಹೊಳೆದಿತ್ತು. ಆಗ ನನಗೆ ಏನನಿಸಿತು ಎಂದು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ಮೊದಲು ಸಮಾಧಾನವಾಯಿತು. ಬಹಳ ದಿನದಿಂದ ಹೊಟ್ಟೆಯಲ್ಲಿ ಉರಿಯುತ್ತಿದ್ದುದು ತಣ್ಣಗಾದಂತೆ. ಆಮೇಲೆ ಅಕ್ಕ ದನದ ಕೊಟ್ಟಿಗೆಯಲ್ಲಿ ಹೋಗಿ ಕೂತದ್ದನ್ನು, ಭಾವನವರು ಊಟಕ್ಕೆ ಕರೆದರೂ ಏಳದ್ದನ್ನು ನೋಡಿದೆ. ಹೇಳಬೇಕು ಎಂದು ಎರಡು ಸಲ ಬಾಗಿಲ ತನಕ ಹೋದೆ. ಎರಡೂ ಸಲ ತಿರುಗಿ ಬಂದೆ.

ಮರುದಿನ ಮುಂಜಾನೆ ಅವಳು ಯಂತ್ರ ತೆಗೆದುಕೊಂಡು ಒಬ್ಬಳೇ ನಮ್ಮ ಹೊಲದ ಬಾವಿಗೆ ಹೋದಳು. ಬಾವಿಯಿಂದ ಉತ್ತರಕ್ಕೆ ನಡೆಯುವುದು, ತಿರುಗಿ ಬರುವುದು, ಮತ್ತೆ ನಡೆಯುವುದು. ಹಾದಿಯಲ್ಲಿ ಹೋಗುವವರು ಅವಳಿಗೆ ಏನೋ ಆಗಿದೆ ಎಂದು ಮನೆಗೆ ಬಂದು ಹೇಳಿಹೋದರು. ಇಳಿಹೊತ್ತಿಗೆ ಬಂದವಳು ನೇರವಾಗಿ ನಾನು ಜೋಳ ಹಸನು ಮಾಡುತ್ತಿದ್ದಲ್ಲಿಗೆ ಬಂದು ಮೊರದ ಆಚೆ ಬದಿಗೆ ಕೂತಳು.

“ಬಾಯಾರ, ಮೊದಲ ಈ ಕಡೀ ಮೂರ ಅಂಕಿ ಒಂಬೈನೂರ ತೊಂಬತ್ತೊಂಬತ್ತರ ಮಟಾ ಏರತಿದ್ವು. ನಾ ಕಣ್ಣಾರೆ ನೋಡೇನಿ. ಈಗ ಐನೂರ ತೊಂಬತ್ತೊಂಬತ್ತ ಆತಂದ್ರ ಸೊನ್ನಿಗೆ ತಿರಗತಾವ. ಗಡಿಯಾರದ ಹಾಂಗ. ಇದು ನೀ ಸಾಲ್ಯಾಗ ಕಲಸೂ ಸೆಕೆಂಡ ಹೌದಲ್ಲೋ?”

ನಾನು ಹೌದು ಎಂದೆ. ಜೋಳದಿಂದ ತಲೆ ಎತ್ತಲಿಲ್ಲ.

“ನಾ ಇಲ್ಲದಾಗ ಇದನ್ನ ಯಾರ ಮುಟ್ಟಿದ್ರು ಅಂತ ನಾ ಕೇಳಂಗಿಲ್ಲ,” ಎಂದಳು. “ಬರದದ್ದನ್ನ ಸರಿ ಮಾಡೂದು ಹ್ಯಾಂಗ, ಅದಷ್ಟ ಹೇಳು.”

ಏಳನೆಯ ಇಯತ್ತೆಯ ಹೆಂಗಸು, ಯಾರೂ ಹೇಳಿಕೊಡದೆ, ಒಂದು ದಿನ ಬಿಸಿಲಲ್ಲಿ ನಡೆದು ಕಂಡುಹಿಡಿದಿದ್ದಳು. ನನಗೆ ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ಅದರ ಜೊತೆಗೇ, ಇದು ನನಗೆ ಹೊಳೆಯುತ್ತಿತ್ತೇ ಎಂಬ ಹೊಸ ಕಿಚ್ಚೂ ಎದ್ದಿತು.

ಲೆಕ್ಕ ಸುಲಭದ್ದು. ಸೆಕೆಂಡನ್ನು ಅರವತ್ತರಿಂದ ಭಾಗಿಸಿದರೆ ಮಿನಿಟಿನ ಭಾಗ ಬರುತ್ತದೆ. ಇಪ್ಪತ್ತೇಳು ಸೆಕೆಂಡು ಎಂದರೆ ಚುಕ್ಕೆ ನಾನೂರ ಐವತ್ತು. ರವಿವಾರ ಇಡೀ ದಿನ ಪಡಸಾಲೆಯಲ್ಲಿ ಕೂತು ಮಾಡಿದೆವು. ಅವಳು ಓದುವುದು, ನಾನು ಭಾಗಿಸುವುದು, ಭಾಬಿ ಹೊಸ ಕಾಗದದಲ್ಲಿ ದುಂಡಗೆ ಬರೆಯುವುದು. ತವರಿಗೆ ಹೋಗುವ ಮೊದಲು ಬರೆದವನ್ನು ಅಕ್ಕ ಬೇರೆ ಇಟ್ಟಿದ್ದಳು, ಅವನ್ನು ಮುಟ್ಟಲು ಬಿಡಲಿಲ್ಲ. ಇಪ್ಪತ್ತೇಳು ಸೆಕೆಂಡು ಎಂದು ಭಾಗಿಸುವಾಗಲೇ ನನಗೆ ತಿಳಿದದ್ದು: ಅವಳ ಡಬ್ಬಿಯ ನಾನೂರ ಐವತ್ತು ಎಂದರೆ ಇದೇ, ನಲವತ್ತೈದು ಸೆಕೆಂಡಲ್ಲ; ಮಡ್ಡಿಯಲ್ಲಿ ನಾನು ಡಬ್ಬಿಯಿಂದ ಅರ್ಧ ಕಿಲೋಮೀಟರಿಗಿಂತ ಹೆಚ್ಚು ದೂರ ನಿಂತು ಕಲ್ಲು ಎತ್ತುತ್ತಿದ್ದೆ. ಅವಳು ಬರೆದದ್ದು ಸರಿಯಾಗಿಯೇ ಇತ್ತು.

ಸೋಮವಾರ ನಾನು ರಜೆ ಹಾಕಿದ್ದೆ. ಮೇಡಂ ಹೊಸ ಕಾಗದ ನೋಡಿದರು, ನಾಲ್ಕು ಬಾವಿಗಳಿಗೆ ತಾವೇ ಹೋಗಿ ತಾಳೆ ಹಾಕಿದರು, ಎಲ್ಲವೂ ಕೂತವು. ಅಕ್ಕನ ಕೈ ಹಿಡಿದು, ತಪ್ಪು ತಿಳಿದೆ ಎಂದರು. ಯಂತ್ರದಲ್ಲಿ ಅಂಕಿಯ ಲೆಕ್ಕ ಹೇಗೆ ಬದಲಾಯಿತು ಎಂದು ಕೇಳಿದಾಗ ಅಕ್ಕ, ನನ್ನ ಕೈಯಿಂದಲೇ ಗುಂಡಿ ಒತ್ತಿರಬೇಕು ಎಂದಳು. ಆಮೇಲೆ ನನ್ನ ಕಡೆ ತೋರಿಸಿದಳು.

“ಲೆಕ್ಕಾ ಎಲ್ಲಾ ನಮ್ಮ ಬಾಯಾರ ಮಾಡ್ಯಾರ್ರಿ ಮ್ಯಾಡಮ್.”

ಎಲ್ಲರೂ ನನ್ನನ್ನು ನೋಡಿದರು. ಮೇಡಂ ಹೊಗಳಿದರು, ಇಂಥ ಕಲಿತವರು ಮನೆಯಲ್ಲಿರುವುದು ಪುಣ್ಯ ಎಂದರು. ಎಷ್ಟೋ ತಿಂಗಳಿಂದ ನನಗೆ ಬೇಕಾಗಿದ್ದ ಮಾತು ಅದು. ಕೇಳುತ್ತ ನಿಂತಿದ್ದೆ, ಯಾರಾದರೂ ಬೇಗ ಬೇರೆ ಮಾತು ತೆಗೆಯಲಿ ಎನ್ನಿಸುತ್ತಿತ್ತು. ಬಾಯಿ ಬಿಟ್ಟು ನಿಜ ಹೇಳಲು ಧೈರ್ಯ ಬರಲಿಲ್ಲ.

ಧೈರ್ಯ ಬಂದದ್ದು ಸುಮಾರು ಒಂದು ತಿಂಗಳ ಮೇಲೆ. ಸುಗ್ಗಿ ಮುಗಿದು ಬಿಡುವಿತ್ತು. ಆ ಸಲ ನಾನೇ ಕೇಳಿದೆ, ನಿಮ್ಮ ಡಬ್ಬಿ ತೋರಿಸಿರಿ ಎಂದು. ತೋರಿಸಂಗಿಲ್ಲ, ಹುಡುಕು ಎಂದು ಯಂತ್ರವನ್ನು ನನ್ನ ಕೈಗೆ ಕೊಟ್ಟು ಹಿಂದೆ ಬಂದಳು. ನಾನು ತಪ್ಪಿದಾಗೆಲ್ಲ ಸುಮ್ಮನಿದ್ದಳು, ನಿಂತುಬಿಟ್ಟಾಗ ಮಾತ್ರ ನಡೆ ನಡೆ ಎನ್ನುತ್ತಿದ್ದಳು. ಹತ್ತು ಮೀಟರ್ ಎಂದಾಗ ಯಂತ್ರ ಇಳಿಸಿದೆ. ಒಡೆದ ಒಡ್ಡಿನ ಸಂದಿಯಲ್ಲಿ ಚಪ್ಪಟೆ ಕಲ್ಲೊಂದು ಉಳಿದ ಕಲ್ಲುಗಳಿಗಿಂತ ಅಚ್ಚುಕಟ್ಟಾಗಿ ಕೂತಿತ್ತು. ಅದನ್ನು ಸರಿಸಿದರೆ ಡಬ್ಬಿ.

ಒಳಗೆ ಬಳೆ, ಒಂದು ಗೋಲಿ, ಭಾಬಿ ಇಟ್ಟ ಬಣ್ಣದ ದಾರದ ಉಂಡೆ. ವಹಿ ತೆರೆದೆ. ಊರಿನ ಅರ್ಧದಷ್ಟು ಹೆಂಗಸರ ಹೆಸರು. ನನ್ನ ಗಂಡನ ಸಹಿಯೂ ಇತ್ತು, ನನಗೆ ಹೇಳಿರಲೇ ಇಲ್ಲ. ಒಂದು ಪುಟದಲ್ಲಿ ನೀಲಿ ಹೆಬ್ಬೆಟ್ಟು. ಅದು ಅತ್ತೆಯದು ಎಂದಳು ಅಕ್ಕ. ಮೊಣಕಾಲು ನೋವೆಂದು ದೇವರ ಗುಡಿಯ ಮೆಟ್ಟಿಲು ಹತ್ತದ ಅತ್ತೆ, ಶಾಯಿಯ ಡಬ್ಬಿ ಉಡಿಯಲ್ಲಿಟ್ಟುಕೊಂಡು ಮಡ್ಡಿ ಹತ್ತಿ ಬಂದಿದ್ದರು. ಎಲ್ಲರಿಗಿಂತ ಕೊನೆಗೆ ನಾನು.

ಪೆನ್ಸಿಲ್ ಹಿಡಿದು ಕೂತೆ, ಬರೆಯಲಾಗಲಿಲ್ಲ. “ಅಕ್ಕಾರ, ಯಂತ್ರಾ ಬದಲಿ ಮಾಡಿದಾಕಿ ನಾನ. ತಿಳದ ತಿಳದ ಹಾಂಗ ಇಟ್ಟಿದ್ದೆ,” ಎಂದೆ.

“ಗೊತ್ತೈತಿ,” ಎಂದಳು. ಒಡ್ಡಿನ ಮೇಲೆ ಕೂತು ಚಪ್ಪಲಿಯ ಮುಳ್ಳು ಕೀಳುತ್ತಿದ್ದಳು. “ನೀ ಹೊಸದಾಗಿ ಬಂದಾಗ ದಿನಾ ಮುಂಜಾನೆ ಪರ್ಸ್ ಹಿಡಕೊಂಡ ಬಸ್ಸ ಹತ್ತತಿದ್ದಿ. ನಾ ಸಗಣಿ ಕೈಲೆ ನೋಡಕೋತ ನಿಂದರತಿದ್ದೆ. ಒಂದಿನಾ ನಿನ್ನ ಚಪ್ಪಲ್ ಎತ್ತಿ ಹಿತ್ತಲ ಬಾರಿಗಿಡದಾಗ ಒಗದೆ. ನಾಯಿ ಒಯ್ದದ ಅಂತ ಹೇಳಿದೆ. ನೀ ಬರಿಗಾಲಿಲೆ ಓಡಿ ಬಸ್ಸ ಹಿಡದಿ.”

ಆ ದಿನ ನನಗೆ ಚೆನ್ನಾಗಿ ನೆನಪಿತ್ತು. ಅಂಗಾಲು ಸುಟ್ಟು ಎರಡು ದಿನ ಕುಂಟಿದ್ದೆ, ಅರಿಸಿನ ಹಚ್ಚಿದವಳು ಅಕ್ಕನೇ. ನಾನು ನಕ್ಕೆನೋ ಅತ್ತೆನೋ ಈಗ ಹೇಳಲಾರೆ. ಹೆಸರು ಬರೆದೆ, ಬೇಕೆಂದೇ ಸಣ್ಣ ಅಕ್ಷರದಲ್ಲಿ. ತಲೆಯ ಪಿನ್ನು ತೆಗೆದು ಡಬ್ಬಿಯಲ್ಲಿ ಹಾಕಿ ಕಲ್ಲು ಮುಚ್ಚಿದೆ.

ಅದರಿಂದ ಹೊಟ್ಟೆಕಿಚ್ಚು ಹೋಯಿತೇ ಎಂದರೆ ಹೋಗಲಿಲ್ಲ. ಯೋಜನೆ ಮುಗಿಯುವ ಮೊದಲು ಮೇಡಂ ಅವಳನ್ನು ಬೇರೆ ಊರುಗಳ ಹೆಂಗಸರಿಗೆ ಯಂತ್ರ ಕಲಿಸಲು ಎಂಟು ದಿನ ಕರೆದುಕೊಂಡು ಹೋದರು. ಜೀಪು ನಮ್ಮ ಬಾಗಿಲಿಗೇ ಬಂತು. ಅವಳು ಹೊಸ ಬ್ಯಾಗು ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಳು. ನಾನು ಅವಳಿಗೆ ಬುತ್ತಿ ಕಟ್ಟಿಕೊಟ್ಟಿದ್ದೆ, ಶೇಂಗಾ ಹಿಂಡಿಯನ್ನು ಬೇರೆ ಡಬ್ಬಿಯಲ್ಲಿ. ಹೋಗಿ ಬರ್ರಿ ಎಂದು ಕೈ ಮಾಡುವಾಗಲೂ ಎದೆಯಲ್ಲಿ ಸಣ್ಣಗೆ ಚುಚ್ಚುತ್ತಲೇ ಇತ್ತು. ಜೀಪು ಹೊರಟ ಮೇಲೆ ಕೊಟ್ಟಿಗೆಗೆ ಹೋಗಿ ದಿನಾ ಅಕ್ಕ ಹಿಂಡುತ್ತಿದ್ದ ಎಮ್ಮೆಯನ್ನು ಹಿಂಡಲು ಕೂತೆ. ಅದು ನನ್ನ ಕೈಗೆ ಒಗ್ಗದೆ ಎರಡು ಸಲ ಒದ್ದಿತು. ಮೂರನೆಯ ಸಲಕ್ಕೆ ಅರ್ಧ ಚರಿಗೆ ಹಾಲು ಬಂತು.